ದಯಾಮರಣ, ಐಸಿಯು, ಮನೆಯ ಹಾಸಿಗೆ: ಕೊಡಗಿನ ಮನೆಗಳಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನರ್ಸ್. ಹನ್ನೊಂದು ವರ್ಷ ಮೈಸೂರಿನಲ್ಲಿ ಐಸಿಯು ಡ್ಯೂಟಿ ಮಾಡಿದೆ. ಈಗ ಊರಿಗೆ ವಾಪಸ್ ಬಂದು ವಿರಾಜಪೇಟೆ, ಗೋಣಿಕೊಪ್ಪ, ಪೊನ್ನಂಪೇಟೆ ಸುತ್ತಮುತ್ತ ಹಾಸಿಗೆ ಹಿಡಿದವರ ಮನೆಗೆ ಹೋಗುತ್ತೇನೆ. ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದು, ಕ್ಯಾತಿಟರ್ ಬದಲಿಸುವುದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸುವುದು ನನ್ನ ಕೆಲಸ. ಎಲ್ಲ ಮುಗಿಸಿ ಹಿತ್ತಲಲ್ಲಿ ಕೈ ತೊಳೆಯುವಾಗ ಯಾರಾದರೂ ಒಬ್ಬರು ಟವೆಲ್ ಹಿಡಿದು ಬರುತ್ತಾರೆ. ರೋಗಿಯ ಎದುರು ಕೇಳಲಾಗದ ಪ್ರಶ್ನೆಯನ್ನು ಅಲ್ಲಿ ಕೇಳುತ್ತಾರೆ.

ಅಂಥ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ, ವಕೀಲಳೂ ಅಲ್ಲ. ನಿಮ್ಮ ಮನೆಯವರ ಚಿಕಿತ್ಸೆಯ ವಿಷಯ ಅವರನ್ನು ನೋಡುತ್ತಿರುವ ಡಾಕ್ಟರ ಜೊತೆ ಕೂತೇ ತೀರ್ಮಾನ ಆಗಬೇಕು.

"ಸಿಸ್ಟರ್, ಒಂದು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಬಹುದಲ್ವಾ?"

ಇಲ್ಲ. ಸಾಯಲಿ ಅಂತಲೇ ಇಂಜೆಕ್ಷನ್ ಕೊಡುವುದು ನಮ್ಮ ದೇಶದಲ್ಲಿ ಅಪರಾಧ. ರೋಗಿ ಒಪ್ಪಿದರೂ, ಮನೆಯವರೆಲ್ಲ ಸಹಿ ಹಾಕಿದರೂ ಅಪರಾಧವೇ.

ಆದರೆ ಈ ಪ್ರಶ್ನೆ ಕೇಳಿದವರನ್ನು ನಾನು ಬೈದಿಲ್ಲ. ಒಂದು ಮನೆಯ ವಿಷಯ ಹೇಳುತ್ತೇನೆ. ಆ ಅಜ್ಜನಿಗೆ ಕ್ಯಾನ್ಸರ್ ಮೂಳೆಗೆ ಹರಡಿತ್ತು. ರಾತ್ರಿಯಿಡೀ ನರಳಾಟ. ಕಾಫಿ ಕೊಯ್ಲಿನ ಸಮಯ. ಮಗ ಹಗಲು ತೋಟದಲ್ಲಿ, ರಾತ್ರಿ ಅಪ್ಪನ ಪಕ್ಕದಲ್ಲಿ. ನಿದ್ದೆ ಇಲ್ಲದೆ ಅವನ ಕಣ್ಣು ಕೆಂಪಾಗಿತ್ತು. ಇಂಜೆಕ್ಷನ್ ಮಾತು ಕೇಳಿದ್ದು ಅವನೇ. ನಾನು ಮಾತ್ರೆ ಡಬ್ಬಿ ತರಿಸಿ ನೋಡಿದೆ. ಅಪ್ಪ ಕೂಗಿದಾಗ ಮಾತ್ರ ನೋವಿನ ಮಾತ್ರೆ ಕೊಡುತ್ತಿದ್ದರು. ಜಾಸ್ತಿ ಕೊಟ್ಟರೆ ಕಿಡ್ನಿ ಹೋಗುತ್ತದೆ ಅಂತ ಯಾರೋ ಹೆದರಿಸಿದ್ದರಂತೆ. ನಾನು ಡಾಕ್ಟರ್ ಹತ್ತಿರ ಮಾತಾಡಿದೆ. ಅವರು ಜೋರು ನೋವಿಗೆ ಕೊಡುವ ಮಾರ್ಫಿನ್ ಬರೆದುಕೊಟ್ಟರು, ಮನೆಯವರು ಅದನ್ನು ಗಂಟೆ ನೋಡಿ ತಪ್ಪದೆ ಕೊಡಲು ಶುರು ಮಾಡಿದರು. ಮೂರನೇ ದಿನ ನಾನು ಹೋದಾಗ ಅಜ್ಜ ದಿಂಬಿಗೆ ಒರಗಿ ಕೂತು, ಈ ಸಲ ಕರಿಮೆಣಸು ಎಷ್ಟು ಚೀಲ ಆಯ್ತು ಅಂತ ಮಗನನ್ನು ಕೇಳುತ್ತಿದ್ದರು. ಆಮೇಲೆ ಐದು ವಾರ ಇದ್ದರು. ಇಂಜೆಕ್ಷನ್ ಮಾತು ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಎಲ್ಲರ ಕಥೆ ಹೀಗೆ ಮುಗಿಯುತ್ತದೆ ಅಂತ ನಾನು ಹೇಳಲಾರೆ. ಆದರೂ ಸಾವನ್ನು ಕೇಳುವ ಮುಂಚೆ ನೋವಿಗೆ ಸರಿಯಾದ ಮದ್ದು ಸಿಕ್ಕಿದೆಯಾ ಅಂತ ಒಮ್ಮೆ ನೋಡಲೇಬೇಕು.

ದಯಾಮರಣ ಅಂದರೆ ನಿಜವಾಗಿ ಏನು? ವೆಂಟಿಲೇಟರ್ ತೆಗೆಯುವುದೂ ಅದೇ ಅಲ್ವಾ?

ಜನರ ಬಾಯಲ್ಲಿ ಎಲ್ಲದಕ್ಕೂ ಒಂದೇ ಹೆಸರು. ಕಾನೂನು ಮಾತ್ರ ಎರಡನ್ನೂ ಬೇರೆ ಮಾಡಿ ನೋಡುತ್ತದೆ. ಮದ್ದು ಕೊಟ್ಟು ಜೀವ ತೆಗೆಯುವುದು ಒಂದು. ಗುಣವಾಗುವ ದಾರಿಯೇ ಇಲ್ಲದಾಗ, ಯಂತ್ರದ ಚಿಕಿತ್ಸೆ ನಿಲ್ಲಿಸಿ ಅಥವಾ ಶುರು ಮಾಡದೆ, ರೋಗ ತನ್ನ ದಾರಿಯಲ್ಲಿ ಹೋಗಲು ಬಿಡುವುದು ಇನ್ನೊಂದು. ಪತ್ರಿಕೆಗಳು ಎರಡನೆಯದನ್ನು ನಿಷ್ಕ್ರಿಯ ದಯಾಮರಣ ಅಂತ ಬರೆಯುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಆ ಪದವನ್ನೇ ಬಿಡಿ ಅಂತ 2018ರಲ್ಲಿ ಹೇಳಿತು. ನನಗೆ ಅದು ಸರಿ ಅನ್ನಿಸುತ್ತದೆ. "ದಯಾಮರಣ" ಅಂದ ಕೂಡಲೇ ಮನೆಯವರ ಎದೆ ಧಸಕ್ ಅನ್ನುತ್ತದೆ, ತಾವೇ ಕೊಲ್ಲುತ್ತಿದ್ದೇವೆ ಅನ್ನಿಸುತ್ತದೆ. "ಇನ್ನು ಈ ಚಿಕಿತ್ಸೆಯಿಂದ ಉಪಯೋಗ ಇಲ್ಲ, ನಿಲ್ಲಿಸೋಣ, ನೋವು ಮಾತ್ರ ಕಮ್ಮಿ ಮಾಡೋಣ" ಅಂದರೆ ಅದೇ ಜನ ಕೂತು ಕೇಳುತ್ತಾರೆ.

ಇದು ಕಾನೂನಿಗೆ ಬಂದದ್ದು ಹೇಗೆ?

ಶುರುವಾಗಿದ್ದು ಒಬ್ಬ ನರ್ಸ್‌ನಿಂದ. ಅರುಣಾ ಶಾನಭಾಗ್ ನಮ್ಮ ಉತ್ತರ ಕನ್ನಡದ ಹಳದೀಪುರದವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು. 1973ರ ನವೆಂಬರ್ 27ರ ಸಂಜೆ ಅಲ್ಲಿನ ಸಿಬ್ಬಂದಿಯೊಬ್ಬ ಅವರ ಮೇಲೆ ಎರಗಿ, ಕುತ್ತಿಗೆಗೆ ನಾಯಿ ಸರಪಳಿ ಬಿಗಿದ. ಮೆದುಳಿಗೆ ಆದ ಪೆಟ್ಟು ಮತ್ತೆ ವಾಸಿಯಾಗಲಿಲ್ಲ. ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ನಾಲ್ಕು ದಶಕ ಕಳೆದರು. ಪತ್ರಕರ್ತೆ ಪಿಂಕಿ ವಿರಾನಿ, ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಲು ಸುಪ್ರೀಂ ಕೋರ್ಟಿನ ಅನುಮತಿ ಕೇಳಿದರು. ಕೆಇಎಂನ ನರ್ಸ್‌ಗಳು ಬೇಡ ಅಂದರು. ಅವಳು ನಮ್ಮವಳು, ನಾವು ನೋಡಿಕೊಳ್ಳುತ್ತೇವೆ ಅನ್ನುವುದು ಅವರ ಮಾತು.

2011ರ ಮಾರ್ಚ್ 7ರಂದು ಕೋರ್ಟು ಪಿಂಕಿ ವಿರಾನಿಯವರ ಅರ್ಜಿ ತಳ್ಳಿಹಾಕಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ಆ ಆಸ್ಪತ್ರೆಯ ಸಿಬ್ಬಂದಿಗೇ ಅಂತ ಹೇಳಿತು. ಅದರ ಜೊತೆಗೇ, ಹೈಕೋರ್ಟಿನ ಒಪ್ಪಿಗೆ ಪಡೆದು ಚಿಕಿತ್ಸೆ ನಿಲ್ಲಿಸಬಹುದು ಅನ್ನುವ ದಾರಿಯನ್ನೂ ಮೊದಲ ಸಲ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಅಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಒಂದು ಹಾಸಿಗೆ ಹುಣ್ಣೂ ಇರಲಿಲ್ಲ ಅನ್ನುವುದನ್ನು ತೀರ್ಪಿನಲ್ಲೇ ಬರೆದಿದ್ದಾರೆ. ಎರಡೇ ವಾರ ಮಗ್ಗುಲು ಬದಲಿಸದಿದ್ದರೆ ಸೊಂಟದ ಹತ್ತಿರ ಚರ್ಮ ಏನಾಗುತ್ತದೆ ಅಂತ ನನಗೆ ಗೊತ್ತು. ಹಾಗಾಗಿ ಆ ನರ್ಸ್‌ಗಳ ಹಟ ನನಗೆ ಅರ್ಥವಾಗುತ್ತದೆ. ಅರುಣಾಗೆ ಏನು ಬೇಕಿತ್ತು ಅನ್ನುವ ಪ್ರಶ್ನೆಯೂ ನನ್ನನ್ನು ಬಿಟ್ಟಿಲ್ಲ. ಅವರು ಬರೆದಿಟ್ಟಿರಲಿಲ್ಲ. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಯಾಕೆ ಬರೆದಿಡುತ್ತಾಳೆ?

2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಒಳಗೇ ಬರುತ್ತದೆ ಅಂತ ಹೇಳಿ ಲಿವಿಂಗ್ ವಿಲ್‌ಗೆ, ಅಂದರೆ ಗುಣವಾಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಕಾಗದಕ್ಕೆ, ಒಪ್ಪಿಗೆ ಕೊಟ್ಟಿತು. ಆಗ ಇಟ್ಟ ನಿಯಮ ತುಂಬಾ ಕಷ್ಟದ್ದಾಗಿತ್ತು. 2023ರ ಜನವರಿಯಲ್ಲಿ ಸಡಿಲ ಮಾಡಿದರು. 2025ರ ಜನವರಿಯಲ್ಲಿ ಕರ್ನಾಟಕ ಸರಕಾರವೂ ಇದನ್ನು ಆಸ್ಪತ್ರೆಗಳಲ್ಲಿ ಜಾರಿ ಮಾಡಲು ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಈ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದವರು.

ಡಾಕ್ಟರು, ನರ್ಸ್‌ಗಳು ಒಳಗೊಳಗೇ ಏನು ಯೋಚಿಸುತ್ತಾರೆ?

ಎಲ್ಲರೂ ಒಂದೇ ರೀತಿ ಯೋಚಿಸುವುದಿಲ್ಲ. ನಾನು ಕಂಡಿದ್ದನ್ನು ಮಾತ್ರ ಹೇಳುತ್ತೇನೆ.

ಡಾಕ್ಟರಿಗೆ ಇರುವುದು ಹೆಚ್ಚಾಗಿ ಎರಡು ಭಯ. ಒಂದು ಪೊಲೀಸ್ ಕೇಸು. ಇನ್ನೊಂದು, ಇವತ್ತು ತಲೆ ಆಡಿಸಿದ ಮನೆಯವರು ನಾಳೆ ಬಂದು ಗಲಾಟೆ ಮಾಡಿದರೆ ಅನ್ನುವುದು. ಹಾಗಾಗಿ ಮನಸ್ಸಲ್ಲಿ ಸಾಕು ಅನ್ನಿಸಿದರೂ ಬಾಯಿ ಬಿಟ್ಟು ಹೇಳುವುದಿಲ್ಲ. "ಪ್ರಯತ್ನ ಮಾಡ್ತಾ ಇದ್ದೇವೆ" ಅನ್ನುತ್ತಾರೆ. ಮನೆಯವರು ಅದನ್ನು "ಉಳೀತಾರೆ" ಅಂತ ಕೇಳಿಸಿಕೊಳ್ಳುತ್ತಾರೆ. ರೋಗಿಯನ್ನು ಉಳಿಸಲು ಆಗಲಿಲ್ಲ ಅನ್ನುವುದನ್ನು ತನ್ನ ಸೋಲು ಅಂತ ತಿಳಿಯುವ ಡಾಕ್ಟರೂ ಇದ್ದಾರೆ, ಅದರಲ್ಲೂ ವಯಸ್ಸಲ್ಲಿ ಚಿಕ್ಕವರು.

ನರ್ಸ್‌ಗಳ ಕಷ್ಟ ಬೇರೆ. ಡಾಕ್ಟರ್ ರೌಂಡ್ಸ್ ಮುಗಿಸಿ ಹೋಗುತ್ತಾರೆ, ನಾವು ಎಂಟು ಗಂಟೆ ಅಲ್ಲೇ. ಗಂಟಲಿನ ಟ್ಯೂಬಿಂದ ಕಫ ಎಳೆಯುವಾಗ ರೋಗಿಯ ಮೈಯೆಲ್ಲ ಸೆಟೆದುಕೊಳ್ಳುತ್ತದೆ, ಕಣ್ಣಂಚಲ್ಲಿ ನೀರು. ಪೈಪ್ ಎಳೆದುಕೊಳ್ಳಬಾರದು ಅಂತ ಕೈ ಕಟ್ಟಿರುತ್ತೇವೆ. ವಾಸಿಯಾಗುವವರಿಗೆ ಇದನ್ನೆಲ್ಲ ಮಾಡುವಾಗ ನನ್ನ ಕೈ ನಡುಗಿದ್ದಿಲ್ಲ. ಆಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿರುವ ತೊಂಬತ್ತರ ಅಜ್ಜಿಗೆ ಇಪ್ಪತ್ತನೇ ದಿನವೂ ಅದನ್ನೇ ಮಾಡಿ ಹಾಸ್ಟೆಲ್‌ಗೆ ಬಂದಾಗ ಊಟ ಸೇರುತ್ತಿರಲಿಲ್ಲ. ಆದರೆ ತೀರ್ಮಾನದ ಮೀಟಿಂಗಿಗೆ ನಮ್ಮನ್ನು ಕರೆಯುವುದು ಕಮ್ಮಿ.

ಹಾಗಂತ ಐಸಿಯು ನರ್ಸ್‌ಗಳೆಲ್ಲ ಇಂಜೆಕ್ಷನ್ ಕಾನೂನು ಬರಲಿ ಅನ್ನುತ್ತಾರಾ? ನನ್ನ ಜೊತೆಗಿದ್ದವರಲ್ಲಿ ಹೆಚ್ಚಿನವರು ಇಲ್ಲ ಅನ್ನುತ್ತಿದ್ದರು. ನಿಲ್ಲಿಸಬಹುದು, ಆದರೆ ನಮ್ಮ ಕೈಯಿಂದ ಕೊಡಲಾರೆವು ಅನ್ನುತ್ತಿದ್ದರು. ನನ್ನ ಅಭಿಪ್ರಾಯವೂ ಅದೇ.

ಹಾಗಾದರೆ ಮನೆಯವರು ಯಾಕೆ "ಎಲ್ಲಾ ಮಾಡಿ" ಅನ್ನುತ್ತಾರೆ?

ನಾವು ಸಾವನ್ನು ವಾರಕ್ಕೊಮ್ಮೆ ನೋಡಿದವರು. ಅವರಿಗೆ ಇದು ಒಬ್ಬನೇ ಅಪ್ಪ.

ಕೊಡಗಿನಲ್ಲಿ ಇನ್ನೊಂದು ವಿಷಯ ಇದೆ. ಊರಲ್ಲಿ ಅಪ್ಪ ಅಮ್ಮ, ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ ಸೈನ್ಯದಲ್ಲೋ. ಎರಡು ವರ್ಷ ಮಲ ಮೂತ್ರ ತೆಗೆದ ಸೊಸೆ ಅಥವಾ ಮಗಳು ಸಾಕು, ಇನ್ನು ಹಿಂಸೆ ಬೇಡ ಅನ್ನುತ್ತಾಳೆ. ಹೊರಗಿಂದ ಬಂದ ಮಗ ಬಾಗಿಲಲ್ಲೇ "ದೊಡ್ಡ ಆಸ್ಪತ್ರೆಗೆ ಯಾಕೆ ಹಾಕಿಲ್ಲ" ಅಂತ ಕೇಳುತ್ತಾನೆ. ಅವನಿಗೆ ಪ್ರೀತಿ ಇಲ್ಲ ಅಂತ ಅಲ್ಲ. ಇಷ್ಟು ದಿನ ಇರಲಾಗಲಿಲ್ಲ ಅನ್ನುವ ಸಂಕಟ ಅವನನ್ನು ತಿನ್ನುತ್ತಿರುತ್ತದೆ, ಅದನ್ನು ಐಸಿಯು ಬಿಲ್ ಕಟ್ಟಿ ತೀರಿಸಲು ನೋಡುತ್ತಾನೆ. ಆ ಮಗನನ್ನು ಒಂದು ರಾತ್ರಿ ರೋಗಿಯ ಪಕ್ಕ ಮಲಗಿಸಿ ಅಂತ ನಾನು ಹೇಳುತ್ತೇನೆ. ಬೆಳಿಗ್ಗೆ ಅವನು ಮಾತಾಡುವ ರೀತಿ ಬೇರೆಯೇ ಇರುತ್ತದೆ.

ಜನ ಏನಂತಾರೆ ಅನ್ನುವುದೂ ಇದೆ. ಒಕ್ಕದಲ್ಲಿ (ಒಂದೇ ಮನೆತನದವರಲ್ಲಿ), ಊರಲ್ಲಿ, "ಅಪ್ಪನ್ನ ಹಾಗೇ ಬಿಟ್ಟುಬಿಟ್ಟರು" ಅನ್ನಿಸಿಕೊಳ್ಳುವುದು ಯಾರಿಗೆ ಬೇಕು?

ದುಡ್ಡಿಲ್ಲ ಅಂತ ಚಿಕಿತ್ಸೆ ನಿಲ್ಲಿಸಿದರೆ?

ಅದನ್ನು ನಾನು ಘನತೆಯ ಸಾವು ಅಂತ ಕರೆಯಲಾರೆ. ತೋಟದ ಲೈನ್‌ಮನೆಯಲ್ಲಿರುವ ಕೂಲಿಯವರ ಮನೆಗೂ ನಾನು ಹೋಗುತ್ತೇನೆ. ವಾಸಿಯಾಗಬಹುದಾದ ಕಾಯಿಲೆಗೂ ಅಲ್ಲಿ "ಸಾಕು, ಮನೆಗೆ ಕರ್ಕೊಂಡು ಹೋಗೋಣ" ಅಂದಿದ್ದಾರೆ. ಅವರಿಗೆ ಬೇಡ ಅನ್ನುವ ಆಯ್ಕೆಯೇ ಇರಲಿಲ್ಲ, ಯಾಕೆಂದರೆ ಬೇಕು ಅನ್ನುವ ಆಯ್ಕೆ ಇರಲಿಲ್ಲ. ಇಂಜೆಕ್ಷನ್ ಕಾನೂನು ಬೇಡ ಅಂತ ನಾನು ಹೇಳುವುದಕ್ಕೆ ದೊಡ್ಡ ಕಾರಣ ಇದೇ. ಬಡವರ ಮನೆಯ ಮುದುಕರು ತಾವೇ ಮುಂದೆ ಬಂದು ಒಪ್ಪಿಕೊಂಡುಬಿಡುತ್ತಾರೆ.

ದುಡ್ಡೇ ಕಾರಣ ಆಗಿದ್ದರೆ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಆಗುತ್ತದಾ ಅಂತ ಕೇಳಿ. ಮಡಿಕೇರಿಯಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಇದೆ, ಅಲ್ಲಿ ವಿಚಾರಿಸಿ. ನಾಚಿಕೆ ಬೇಡ.

ಲಿವಿಂಗ್ ವಿಲ್ ಮಾಡುವುದು ಹೇಗೆ?

ಕಷ್ಟ ಇಲ್ಲ. 18 ವರ್ಷ ದಾಟಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರು ಬೇಕಾದರೂ ಮಾಡಬಹುದು. ಗುಣವಾಗದ ಸ್ಥಿತಿಗೆ ಬಂದರೆ ಯಾವ ಚಿಕಿತ್ಸೆ ಬೇಡ ಅಂತ ಸ್ಪಷ್ಟವಾಗಿ ಬರೆಯಬೇಕು. ನಿಮಗೆ ಮಾತಾಡಲು ಆಗದಾಗ ನಿಮ್ಮ ಪರವಾಗಿ ಹೇಳುವವರ ಹೆಸರು ಬರೆಯಬೇಕು, ಒಬ್ಬರಿಗಿಂತ ಹೆಚ್ಚು ಜನರ ಹೆಸರೂ ಹಾಕಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ. ಆಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. ಮೊದಲು ಇದಕ್ಕೆ ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬೇಕಿತ್ತು, ಈಗ ಬೇಡ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲಿ ರದ್ದು ಮಾಡಬಹುದು.

ಬರೆದು ಬೀರುವಿನ ಲಾಕರಲ್ಲಿ ಇಟ್ಟು ಬೀಗ ಹಾಕಬೇಡಿ. ಆಸ್ಪತ್ರೆ ಫೈಲಿನ ಜೊತೆ ಒಂದು ಪ್ರತಿ ಇರಲಿ. ಮಾಮೂಲಿ ತೋರಿಸುವ ಡಾಕ್ಟರಿಗೆ ಒಂದು ಕೊಡಿ. ದೂರದಲ್ಲಿರುವ ಮಗನಿಗೋ ಮಗಳಿಗೋ ಫೋಟೋ ಕಳಿಸಿ, ಆಮೇಲೆ ಫೋನ್ ಮಾಡಿ ಅವರಿಗೆ ಓದಿ ಹೇಳಿ. ಕಾಗದಕ್ಕಿಂತ ಆ ಫೋನ್ ಮಾತು ಜಾಸ್ತಿ ಉಪಯೋಗಕ್ಕೆ ಬಂದಿದ್ದನ್ನು ನೋಡಿದ್ದೇನೆ.

ಲಿವಿಂಗ್ ವಿಲ್ ಇದ್ದರೆ ಕೂಡಲೇ ವೆಂಟಿಲೇಟರ್ ತೆಗೆಯುತ್ತಾರಾ? ಇಲ್ಲದಿದ್ದರೆ?

ಕೂಡಲೇ ಇಲ್ಲ. ಮೊದಲು ಆಸ್ಪತ್ರೆಯ ಪ್ರಾಥಮಿಕ ವೈದ್ಯಕೀಯ ಮಂಡಳಿ ನೋಡುತ್ತದೆ. ಚಿಕಿತ್ಸೆ ಮಾಡುತ್ತಿರುವ ಡಾಕ್ಟರ್, ಜೊತೆಗೆ ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು. ಅವರು ಒಪ್ಪಿದರೆ ಎರಡನೇ ಮಂಡಳಿ. ಅದರಲ್ಲಿ ಮೊದಲ ಮಂಡಳಿಯ ಯಾರೂ ಇರುವಂತಿಲ್ಲ, ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು ಇರಬೇಕು. ಎರಡೂ ಮಂಡಳಿ ಆದಷ್ಟು 48 ಗಂಟೆಯೊಳಗೆ ಹೇಳಬೇಕು. ಆಮೇಲೆ ಮ್ಯಾಜಿಸ್ಟ್ರೇಟರಿಗೆ ಮಾಹಿತಿ ಕೊಟ್ಟು ನಿಲ್ಲಿಸುತ್ತಾರೆ. ಮಂಡಳಿ ಬೇಡ ಅಂದರೆ ಹೈಕೋರ್ಟಿಗೆ ಹೋಗಬಹುದು.

ವಿಲ್ ಇಲ್ಲದಿದ್ದರೂ, ರೋಗಿಗೆ ತೀರ್ಮಾನ ಮಾಡುವ ಶಕ್ತಿ ಇಲ್ಲದಾಗ ಮನೆಯವರ ಒಪ್ಪಿಗೆಯಿಂದ ಇದೇ ದಾರಿಯಲ್ಲಿ ಹೋಗಬಹುದು.

ಇಷ್ಟೆಲ್ಲ ಯಾಕೆ ಅಂತ ಕೆಲವರು ಸಿಟ್ಟಾಗುತ್ತಾರೆ. ತೋಟದ ಪಾಲಿಗೆ ಕಾದು ಕೂತವರೂ ಲೋಕದಲ್ಲಿ ಇದ್ದಾರಲ್ವಾ? ಈ ಎರಡು ಬಾಗಿಲು ಅಂಥವರನ್ನು ತಡೆಯಲು.

"ಮನೆಗೆ ಕರ್ಕೊಂಡು ಹೋಗಿ" ಅಂತ ಸಹಿ ಹಾಕಿಸಿಕೊಂಡು ಕಳಿಸುತ್ತಾರಲ್ಲ, ಅದು ದಯಾಮರಣವಾ?

ಅಲ್ಲ. ಆದರೆ ನಮ್ಮಲ್ಲಿ ತುಂಬಾ ಮನೆಗಳಲ್ಲಿ ಕೊನೆ ಆಗುವುದು ಹೀಗೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಒಯ್ಯುತ್ತಿದ್ದೇವೆ ಅಂತ ಮನೆಯವರಿಂದ ಸಹಿ. ಹೇಳಿದ್ದು ಆಸ್ಪತ್ರೆಯವರೇ, ಕಾಗದದಲ್ಲಿ ಮಾತ್ರ ಮನೆಯವರ ಇಷ್ಟ. ಇದು ನನಗೆ ಸಿಟ್ಟು ತರಿಸುವ ವಿಷಯ. ಚೀಟಿಯಲ್ಲಿ ನೋವಿಗೆ ಮದ್ದು ಇರುವುದಿಲ್ಲ, ಮುಂದೆ ಯಾರಿಗೆ ಫೋನ್ ಮಾಡಬೇಕು ಅಂತ ಇರುವುದಿಲ್ಲ.

ಮೈಸೂರಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ವಿರಾಜಪೇಟೆ ಕಡೆಗಾದರೆ ಹುಣಸೂರು ದಾಟಿದ ಮೇಲೆ ಆನೆಚೌಕೂರಿನ ಕಾಡು. ಅಂಥ ಒಂದು ಆಂಬುಲೆನ್ಸಲ್ಲಿ ನಾನು ಬಂದಿದ್ದೇನೆ. ಹಿರಿಯರೊಬ್ಬರು, ಜೊತೆಗೆ ಮಗಳು. ಕಾಡಿನ ನಡುವೆ ಅವರ ಉಸಿರು ಏರುಪೇರಾಯಿತು. ಮಗಳು ನನ್ನ ಕೈ ಹಿಡಿದು, "ಸಿಸ್ಟರ್, ಮನೆ ತಲುಪಿಸಿ, ಅಷ್ಟು ಸಾಕು. ಗುಂಡು ಹಾರುವುದು ನಮ್ಮ ಅಂಗಳದಿಂದಲೇ ಆಗಬೇಕು ಅಂತ ಅಪ್ಪ ಹೇಳಿದ್ದಾರೆ" ಅಂದಳು. ಕೊಡವರ ಮನೆಯಲ್ಲಿ ಸಾವಾದರೆ ಗುಂಡು ಹಾರಿಸಿ ಊರಿಗೆ ತಿಳಿಸುವುದು ಗೊತ್ತಲ್ಲ, ಅದರ ಮಾತು. ಮನೆ ಸೇರಿದೆವು. ಮರುದಿನ ಮಧ್ಯಾಹ್ನದವರೆಗೂ ಇದ್ದರು. ಎರಡು ವಾರ ಮೊದಲೇ ಕರೆತಂದಿದ್ದರೆ ಅಂತ ಮಗಳು ಈಗಲೂ ಹೇಳುತ್ತಾಳೆ.

ಮನೆಗೆ ಕರೆತರುವುದು ತಪ್ಪಲ್ಲ. ತರುವ ಮುಂಚೆ ಮೂರು ವಿಷಯ ಕೇಳಿಕೊಳ್ಳಿ: ನೋವಿಗೆ ಏನು ಕೊಡಬೇಕು, ಉಸಿರು ಕಟ್ಟಿದಾಗ ಏನು ಮಾಡಬೇಕು, ರಾತ್ರಿ ಯಾರಿಗೆ ಫೋನ್ ಮಾಡಬೇಕು. ಜುಲೈ, ಆಗಸ್ಟ್ ಮಳೆಯಲ್ಲಾದರೆ ಮದ್ದು ಎರಡು ವಾರಕ್ಕೆ ಆಗುವಷ್ಟು ಇರಲಿ. ಮರ ಬಿದ್ದರೆ ಆ ದಿನ ಯಾರೂ ಬರಲಾರರು.

ಮಾರ್ಫಿನ್ ಕೊಟ್ಟರೆ ಬೇಗ ಸಾಯುತ್ತಾರಂತೆ, ನಿಜವಾ?

ಡಾಕ್ಟರ್ ಹೇಳಿದ ಅಳತೆಯಲ್ಲಿ ಕೊಟ್ಟರೆ ಇಲ್ಲ. ಮಲಬದ್ಧತೆ ಆಗುತ್ತದೆ, ಅದಕ್ಕೆ ಜೊತೆಯಲ್ಲೇ ಮದ್ದು ಬೇಕು. ಮೊದಲೆರಡು ದಿನ ಮಂಪರು ಇರಬಹುದು. ನೀವಾಗಿ ಅಳತೆ ಹೆಚ್ಚಿಸಬೇಡಿ, ತಟ್ಟನೆ ನಿಲ್ಲಿಸಲೂಬೇಡಿ. ಎಲ್ಲ ಮೆಡಿಕಲ್ ಶಾಪಲ್ಲಿ ಸಿಗುವುದಿಲ್ಲ, ಅನುಮತಿ ಇರುವ ಆಸ್ಪತ್ರೆಗಳಲ್ಲಿ ಮಾತ್ರ. 2014ರಲ್ಲಿ ಮಾದಕ ವಸ್ತು ಕಾನೂನು ತಿದ್ದಿ ಇದನ್ನು ಸ್ವಲ್ಪ ಸುಲಭ ಮಾಡಿದರು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ತೋರಿಸುತ್ತಿರುವವರು ಅಲ್ಲೇ ಕೇಳಿ. ಕುಟ್ಟ, ಮಾಕುಟ್ಟ ದಾಟಿದರೆ ಕೇರಳ. ಅಲ್ಲಿ ಊರಿನ ಜನರೇ ಸೇರಿ ಮನೆಮನೆಗೆ ಹೋಗಿ ಇಂಥ ರೋಗಿಗಳನ್ನು ನೋಡುವ ವ್ಯವಸ್ಥೆ ಬೆಳೆದಿದೆ. ನಮ್ಮಲ್ಲೂ ಆಗಬೇಕು ಅನ್ನುವುದು ನನ್ನ ದೊಡ್ಡ ಆಸೆ.

ಬೇರೆ ದೇಶಗಳಲ್ಲಿ ಇಂಜೆಕ್ಷನ್ ಕಾನೂನು ಇದೆಯಲ್ಲ?

ಇದೆ. ನೆದರ್‌ಲ್ಯಾಂಡ್ಸ್ ಮತ್ತು ಬೆಲ್ಜಿಯಂನಲ್ಲಿ 2002ರಿಂದ, ಕೆನಡಾದಲ್ಲಿ 2016ರಿಂದ. ಅಲ್ಲಿನದನ್ನು ಇಲ್ಲಿಗೆ ತರುವ ಮಾತಿಗೆ ಮುಂಚೆ ಅಲ್ಲಿನ ಆಸ್ಪತ್ರೆ ಖರ್ಚು ಯಾರು ಕಟ್ಟುತ್ತಾರೆ ಅಂತಲೂ ನೋಡಬೇಕು.

ಧರ್ಮ ಒಪ್ಪುತ್ತದಾ?

ನಿಮ್ಮ ಹಿರಿಯರನ್ನು, ಫಾದರನ್ನು, ಉಸ್ತಾದರನ್ನು ಕೇಳಿ. ಉಪಯೋಗವಿಲ್ಲದೆ ಹಿಂಸೆ ಮಾತ್ರ ಕೊಡುವ ಚಿಕಿತ್ಸೆ ಬೇಡ ಅನ್ನಬಹುದು, ಬೇಕೆಂದೇ ಜೀವ ತೆಗೆಯಬಾರದು ಅಂತ ಕ್ಯಾಥೋಲಿಕ್ ಸಭೆ ಹೇಳುತ್ತದೆ. ಉಪವಾಸ ಮಾಡುತ್ತಾ ದೇಹ ಬಿಡುವ ಜೈನರ ಸಲ್ಲೇಖನ ವ್ರತವನ್ನು ರಾಜಸ್ಥಾನ ಹೈಕೋರ್ಟ್ 2015ರಲ್ಲಿ ತಪ್ಪು ಅಂದಾಗ ಸುಪ್ರೀಂ ಕೋರ್ಟು ಅದೇ ತಿಂಗಳು ಆ ತೀರ್ಪಿಗೆ ತಡೆ ಕೊಟ್ಟಿತು.

ರೋಗಿಯೇ "ನನ್ನನ್ನು ಕಳಿಸಿಬಿಡಿ" ಅಂದರೆ?

"ಹಾಗೆಲ್ಲ ಮಾತಾಡಬೇಡಿ" ಅಂತ ಬಾಯಿ ಮುಚ್ಚಿಸಬೇಡಿ. ಪಕ್ಕ ಕೂತು, "ಯಾವುದು ತಡೆಯಲು ಆಗ್ತಿಲ್ಲ?" ಅಂತ ಕೇಳಿ. ನೋವು ಅನ್ನಬಹುದು. ಆದರೆ ನಾನು ಜಾಸ್ತಿ ಕೇಳಿದ್ದು ಬೇರೆ ಮಾತು: "ಯಾರಿಗೂ ಭಾರ ಆಗಬಾರದು". ಅಮೆರಿಕದ ಆರೆಗಾನ್ ರಾಜ್ಯದಲ್ಲೂ ಸಾಯಲು ಮದ್ದು ಕೇಳುವವರು ನೋವಿಗಿಂತ ಹೆಚ್ಚಾಗಿ ಹೇಳುವ ಕಾರಣ, ತಮ್ಮ ಬದುಕು ತಮ್ಮ ಕೈ ತಪ್ಪಿತು ಅನ್ನುವುದು. ಒಬ್ಬ ಅಜ್ಜಿ ನನ್ನ ಹತ್ತಿರ, "ಮಗಳೇ, ಸೊಸೆ ನನ್ನ ಬಟ್ಟೆ ಒಗೆಯುವಾಗ ಮೂಗು ಮುಚ್ಚಿಕೊಳ್ಳುತ್ತಾಳೆ, ಅದು ನೋಡಲು ಆಗುವುದಿಲ್ಲ" ಅಂದರು. ದೊಡ್ಡವರ ಡಯಾಪರ್ ತರಿಸಿದೆವು. ಒಗೆಯಲು ತೋಟದ ಹುಡುಗಿಯೊಬ್ಬಳು ಬಂದಳು. ಅಜ್ಜಿ ಸಾವಿನ ಮಾತು ಪೂರಾ ಬಿಡಲಿಲ್ಲ, ಆದರೆ ದಿನಾ ಆಡುವುದನ್ನು ಬಿಟ್ಟರು.

ಮನಸ್ಸು ತೀರಾ ಕುಗ್ಗಿದ್ದರೆ, ಜೀವ ಕಳೆದುಕೊಳ್ಳುವ ಯೋಚನೆ ಗಟ್ಟಿಯಾಗಿದ್ದರೆ, ಅವರನ್ನು ಒಂಟಿಯಾಗಿ ಬಿಡಬೇಡಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನೋಡಿಕೊಳ್ಳುವವರೂ ಮಾಡಬಹುದು. ಅವರಿಗೂ ಸುಸ್ತಾಗಿರುತ್ತದೆ.

ಊಟ ಬಿಟ್ಟಿದ್ದಾರೆ. ಕೊಡದಿದ್ದರೆ ನಾವೇ ಉಪವಾಸ ಕೆಡವಿ ಕೊಂದ ಹಾಗಲ್ವಾ?

ಹೆಚ್ಚು ಕಣ್ಣೀರು ಬರುವ ಪ್ರಶ್ನೆ ಇದು. ಕೊನೆಯ ದಿನಗಳಲ್ಲಿ ದೇಹವೇ ಊಟ ಬೇಡ ಅನ್ನುತ್ತದೆ. ಸಾವು ಹತ್ತಿರ ಬಂದದ್ದರಿಂದ ಊಟ ಬಿಟ್ಟಿರುತ್ತಾರೆ. ಒತ್ತಾಯ ಮಾಡಿ ಗಂಜಿ ಹಾಕಿದರೆ ಶ್ವಾಸಕೋಶಕ್ಕೆ ಹೋಗಿ ಕೆಮ್ಮು, ಉಬ್ಬಸ. ವರ್ಷಗಟ್ಟಲೆ ಪ್ರಜ್ಞೆ ಇಲ್ಲದೆ ಪೈಪಿನ ಆಹಾರದಲ್ಲಿ ಇರುವವರ ವಿಷಯ ಬೇರೆ. ಅಲ್ಲಿ ಪೈಪ್ ತೆಗೆಯುವುದು ಮನೆಯಲ್ಲಿ ಮಾಡುವ ತೀರ್ಮಾನ ಅಲ್ಲ, ಮೇಲೆ ಹೇಳಿದ ಮಂಡಳಿಗಳ ದಾರಿಯಲ್ಲೇ ಹೋಗಬೇಕು.

ಕೊನೆಯ ದಿನಗಳಲ್ಲಿ ಬಾಯಿ ಒಣಗದಂತೆ ನೋಡಿಕೊಳ್ಳಿ. ಹತ್ತಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಗಂಟೆಗೊಮ್ಮೆ ತುಟಿ ಮತ್ತು ನಾಲಗೆ ಒರೆಸಿ. ತುಟಿಗೆ ಸ್ವಲ್ಪ ತೆಂಗಿನೆಣ್ಣೆ. ಗಂಟಲಲ್ಲಿ ಗೊರಗೊರ ಸದ್ದು ಬಂದರೆ ಒಂದು ಮಗ್ಗುಲಿಗೆ ಮಲಗಿಸಿ. ತುಲಾ ಸಂಕ್ರಮಣದಲ್ಲಿ ತಂದಿಟ್ಟ ಕಾವೇರಿ ತೀರ್ಥ ಬಿಡಬಹುದಾ ಅಂತ ಕೇಳುತ್ತಾರೆ. ಬಿಡಿ. ಚಮಚದಲ್ಲಿ ಸುರಿಯಬೇಡಿ, ಬೆರಳ ತುದಿಯಲ್ಲಿ ಅದ್ದಿ ತುಟಿಯ ಒಳಗೆ ಸವರಿದರೆ ಸಾಕು. ಮನೆಯಲ್ಲಿ ಯಾರ್‍ಯಾರಿಗೆ ಆಸೆ ಇದೆಯೋ ಒಬ್ಬೊಬ್ಬರಾಗಿ ಬಂದು ಸವರಲಿ. ದೂರದಲ್ಲಿರುವ ಮಗನ ಫೋನನ್ನು ಕಿವಿಯ ಹತ್ತಿರ ಹಿಡಿಯಿರಿ.